‘ಮುಂದ?’ ಎನ್ನುವ ಗೋದಾವರಿ

ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲಿನಲ್ಲೂ ಕಂದು ಉಣ್ಣೆಯ ಸ್ವೆಟರ್ ತೊಟ್ಟು ಓಡಾಡುವವರು ಇಡೀ ಊರಿಗೆ ಒಬ್ಬರೇ ಇದ್ದರೆ ಅವರು ಗೋದಾವರಿ. ಗಾಳಿ ಸೋಕಿದರೆ ಕೆಡುವ ಕೊಬ್ಬಿನ ಅಂಶಗಳನ್ನು ಕಾಯುತ್ತ, ಪ್ರಯೋಗಾಲಯದ ಶೀತಲ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವರ ಮೈಗೆ ಅಂಟಿಕೊಂಡ ಸ್ವೆಟರ್ ಅದು. ಮೊಣಕೈಗೆ ಎರಡು ತೇಪೆ, ಜೇಬಿನಲ್ಲಿ ಸದಾ ಒಂದು ಕರಿ ಮಾರ್ಕರ್. ಜಗಳಕ್ಕೆ ಹೊರಟವರಂತೆ ಮುಂದಕ್ಕೆ ಬಾಗಿದ ದಾಪುಗಾಲು. ಮತ್ತು ಧಾರವಾಡದಿಂದ ತಂದ, ಮಾತುಮಾತಿಗೂ ಆಡುವ ಒಂದು ಪದ: “ಮುಂದ?” ವಿದ್ಯಾರ್ಥಿ ಪ್ರಯೋಗದ ಫಲಿತಾಂಶ ಹೇಳಲಿ, ನೆರೆಯಾಕೆ ಸೊಸೆಯ ದೂರು ಹೇಳಲಿ, ಮಾತು ಅರ್ಧಕ್ಕೆ ನಿಂತರೆ ಅವರು ಬಿಡುವವರಲ್ಲ.

ಉರಿಯೂತವೆಂದರೆ ಬರೀ ಶತ್ರು ಎನ್ನುವವರನ್ನು ಕಂಡರಂತೂ ಅವರ ಸಿಟ್ಟು ನೆತ್ತಿಗೇರುತ್ತದೆ. ಗಾಯವಾದಲ್ಲಿಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ, ಊದಿಕೊಳ್ಳುತ್ತದೆ, ಸರಿ; ಮುಂದ? ಅದು ತಾನಾಗಿ ಆರಿಹೋಗುವುದಿಲ್ಲ. ಮೀನೆಣ್ಣೆಯಲ್ಲಿರುವಂಥ ಕೊಬ್ಬಿನಿಂದ ದೇಹವೇ ಸೂಕ್ಷ್ಮ ಸಂದೇಶವಾಹಕಗಳನ್ನು ತಯಾರಿಸಿ, ಇನ್ನು ಸಾಕೆಂದು ಹೊಸ ಕಣಗಳನ್ನು ತಡೆದು, ಸತ್ತ ಕಣಗಳನ್ನು ಗುಡಿಸಲು ಬೇರೆ ಕಣಗಳನ್ನು ಕರೆಸುತ್ತದೆ. ಮದುವೆ ಮುಗಿದ ಮೇಲೆ ಛತ್ರ ತೊಳೆಯುವವರ ಹಾಗೆ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದ ಗೋದಾವರಿ ಈ ತೊಳೆಯುವವರ ಬೆನ್ನು ಹತ್ತಿ, ಕೈತುಂಬ ಮೀನಿನ ವಾಸನೆ ಹೊತ್ತು, ಅರ್ಧ ಆಯುಷ್ಯ ಸವೆಸಿದರು.

ಇಂಥವರು ಒಮ್ಮೆ ತಾವೇ ಮಾತನ್ನು ಅರ್ಧಕ್ಕೆ ಬಿಟ್ಟರು. ಕಳೆದ ವರ್ಷ ಡಾಲಸ್ಸಿನ ಕನ್ನಡ ಕೂಟದಲ್ಲಿ ಅವರದೊಂದು ಉಪನ್ಯಾಸವಿತ್ತು. “ಮೀನು ತಿನ್ನದವರು ಏನ್ ಮಾಡ್ಬೇಕು ಮೇಡಂ?” ಎಂದು ಯಾರೋ ಕೇಳಿದರು. “ನಮ್ಮ ಅಗಸಿ ಹಿಂಡಿಯೊಳಗೂ ಅದೇ ಜಾತಿ ಕೊಬ್ಬು ಅದ” ಎಂದರು ಗೋದಾವರಿ. ಊರಿನ ಚಟ್ನಿಪುಡಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಯಾರೋ ಸೀಟಿ ಹೊಡೆದರು, ಅವರೂ ಹಿಗ್ಗಿನಿಂದ ಕೂತುಬಿಟ್ಟರು. ಅಗಸೆಯ ಕೊಬ್ಬು ದೇಹದಲ್ಲಿ ಆ ಸಂದೇಶವಾಹಕಗಳಾಗುವುದು ತೀರ ಅಲ್ಪ, ಅದು ಯಾವ ರೋಗಕ್ಕೂ ಮದ್ದಲ್ಲ ಎಂಬ ಉಳಿದರ್ಧ ಗಂಟಲಲ್ಲೇ ಉಳಿಯಿತು.

ಡಾಲಸ್ಸಿನ ವ್ಯಾಪಾರಿ ಶಶಿಕಾಂತ್, ಕೂಟದ ಪ್ರಾಯೋಜಕ, ಆ ಒಂದು ವಾಕ್ಯವನ್ನು ವಿಡಿಯೊದಿಂದ ಕತ್ತರಿಸಿ ತನ್ನ ಅಗಸೆ ಎಣ್ಣೆಯ ಗುಳಿಗೆಯ ಜಾಹೀರಾತಿಗೆ ಅಂಟಿಸಿದ. ಅದು ಮನೆಮನೆಯ ಫೋನಿಗೆ ಹೋಯಿತು.

ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿ ಮಗನ ಮನೆಯಲ್ಲಿರುವ ಸುಮಿತ್ರವ್ವ ಐದಾರು ತಿಂಗಳಿಗೊಮ್ಮೆ ಗೋದಾವರಿಯವರನ್ನು ಕರೆದು ಜೋಳದ ರೊಟ್ಟಿ ತಟ್ಟಿ ಬಡಿಸುವವರು. ಈ ಸಲ ತಟ್ಟೆಯಲ್ಲಿದ್ದದ್ದು ಅಂಗಡಿಯ ಟೋರ್ಟಿಯಾ, ಮೆಕ್ಸಿಕನ್ನರ ರೊಟ್ಟಿ. ಯಾಕೆಂದು ಕೇಳಿದಾಗ ಮುದುಕಿ ಎರಡೂ ಕೈ ಚಾಚಿದರು. ಗೆಣ್ಣುಗಳು ಕೆಂಪಗೆ ಊದಿ, ಬೆರಳು ಸೊಟ್ಟಗಾಗಿದ್ದವು.

“ನೀವ ಹೇಳಿದ್ರಲ್ಲರಿ ಗೋದಾವರಿಬಾಯಾರ, ಅಗಸಿ ಸಾಕಂತ. ಸಂಧಿವಾತದ ಮಾತ್ರಿ ಬಿಟ್ಟು ನಾಕು ತಿಂಗಳಾತ್ರಿ.”

ಮುದುಕಿ ಚಾಚಿದ ಫೋನಿನಲ್ಲಿ ಗೋದಾವರಿ ಆ ಜಾಹೀರಾತನ್ನು ಮೊದಲ ಸಲ ಕಂಡರು. ಮರುದಿನವೇ ಸುಮಿತ್ರವ್ವನನ್ನು ವೈದ್ಯರ ಬಳಿ ಕರೆದೊಯ್ದು, ಹೊರಗೆ ಬಂದು ಕಾರಿನಲ್ಲಿ ಕೂತು ಶಶಿಕಾಂತನಿಗೆ ಫೋನ್ ಮಾಡಿದರು.

“ಆಂಟಿ, ನಾನು ಒಂದಕ್ಷರ ಸೇರಿಸಿಲ್ಲ. ನೀವು ಹೇಳಿದ್ದನ್ನೇ ಹಾಕಿದೀನಿ.”

“ಖರೆ. ಅರ್ಧಾ ನಾ ನುಂಗಿದೆ, ಉಳಿದದ್ದು ನೀ ಮಾರಿದಿ. ತಗದು ಹಾಕು ಅದನ್ನ.”

ಅವನು ತೆಗೆಯಲಿಲ್ಲ. ದೊಡ್ಡದು ಮಾಡಬೇಡಿ ಆಂಟಿ, ಪ್ರಾಯೋಜಕರು ಬೇಸರ ಮಾಡ್ಕೋತಾರೆ ಎಂದು ಕೂಟದವರೂ ಗೋಗರೆದರು. ಒಬ್ಬ ಮುದುಕಿಯ ಬೆರಳಿಗಿಂತ ಪ್ರಾಯೋಜಕನ ಮುಖ ದೊಡ್ಡದಾಯಿತು, ಓದುಬರಹ ಬಲ್ಲ, ಮನೆಗೊಬ್ಬ ಡಾಕ್ಟರಿರುವ ಜನಕ್ಕೆ! ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಟೆಕ್ಸಾಸಿನ ಕನ್ನಡಿಗರೆಲ್ಲ ಸೇರುವ, ಶಶಿಕಾಂತನೇ ಪ್ರಾಯೋಜಿಸಿದ ಆಸ್ಟಿನ್‌ನ ಯುಗಾದಿ ಸಮಾರಂಭಕ್ಕೆ ಮೂರು ಗಂಟೆ ಡ್ರೈವ್ ಮಾಡಿ ಹೋದರು ಗೋದಾವರಿ, ಪಕ್ಕದಲ್ಲಿ ಸುಮಿತ್ರವ್ವ. ವಂದನಾರ್ಪಣೆಗೆ ಮೊದಲು ಎರಡು ನಿಮಿಷ ಕೇಳಿ ಪಡೆದು, ಶಶಿಕಾಂತನ ಗುಳಿಗೆಯ ಬ್ಯಾನರಿನ ಕೆಳಗೇ ನಿಂತು ಮೈಕ್ ಹಿಡಿದರು. “ಹೋದ ವರ್ಷ ಡಾಲಸ್ಸಿನ್ಯಾಗ ನಾ ಅರ್ಧಾ ಮಾತಾಡಿ, ಚಪ್ಪಾಳಿಗೆ ಮರುಳಾಗಿ ಕೂತೆ. ತಪ್ಪು ನಂದು. ಅಗಸಿ ಊಟಕ್ಕ ಛಲೋ. ಆದ್ರ ಅದನ್ನ ನಂಬಿ ಡಾಕ್ಟರ ಮಾತ್ರಿ ಬಿಟ್ಟವರು—” ಅಷ್ಟರಲ್ಲಿ ಮೈಕ್ ಸತ್ತಿತು. ಸತ್ತಿತೋ, ಸಾಯಿಸಿದರೋ, ನೀವೇ ಊಹಿಸಿಕೊಳ್ಳಿ. ಸಭೆ ಗುಜುಗುಜು ಎಂದಿತು, ನಿರೂಪಕಿ ನಗುನಗುತ್ತ ಮುಂದೆ ಬಂದಳು.

ಆಗ ಮೊದಲ ಸಾಲಿನಿಂದ ಸೊಟ್ಟ ಬೆರಳಿನ ಕೈಯೊಂದು ಮೇಲೆದ್ದಿತು.

“ಮುಂದ?” ಎಂದರು ಸುಮಿತ್ರವ್ವ.

ಗೋದಾವರಿ ಬರಿಗಂಟಲಲ್ಲೇ ಕೊನೆಯವರೆಗೆ ಹೇಳಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಹೊರಗೆ ಮೂವರು ಮುದುಕರು ಅವರನ್ನು ತಡೆದು, ತಾವೂ ಮಾತ್ರೆ ಬಿಟ್ಟಿದ್ದೇವೆಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು.

ಸುಮಿತ್ರವ್ವನ ಊತ ಇಳಿದಿದೆ. ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಸೈಪ್ರೆಸ್‌ನಲ್ಲಿ ಈಗ ರೊಟ್ಟಿ ತಟ್ಟುವವರು ಗೋದಾವರಿ, ಅದೂ ಸ್ವೆಟರ್ ತೋಳು ಮಡಚಿ, ನಕಾಶೆಯಂಥ ಆಕಾರದಲ್ಲಿ. ಇಂಥವರನ್ನು ಸಮಾಜ ಸಿಡುಕರೆಂದು ದೂರವಿಡುತ್ತದೆ, ಸಭೆಗೆ ಕರೆಯಲು ಅಳುಕುತ್ತದೆ. ಹಿತವಾದಷ್ಟನ್ನೇ ಆಡಿ ಹಾರ ಹಾಕಿಸಿಕೊಂಡು ಹೋಗುವವರು ಎಲ್ಲೆಡೆ ಸಿಗುತ್ತಾರೆ. ತಾವು ಚೆಲ್ಲಿದ್ದನ್ನು ಗುಡಿಸಲು ಎಲ್ಲರೆದುರು ಪೊರಕೆ ಹಿಡಿದು ಮರಳುವವರ ಸಿಟ್ಟಿನಲ್ಲಿ ಹೆಚ್ಚಿನ ಪಾಲು ತಮ್ಮ ಮೇಲೆಯೇ ಇರುತ್ತದೆಂಬುದು ನಮಗೆ ತಿಳಿಯುವುದೇ ಇಲ್ಲ.