ವಾಸಿಲಿಕಿಯ ಜಾಗ

ಬಸವಲಿಂಗ ಸತ್ತದ್ದು ಗ್ರೀಸ್ ದೇಶದ ಗುಡ್ಡದ ಮೇಲಿನ ಒಂದು ಸಣ್ಣ ಹಳ್ಳಿಯಲ್ಲಿ. ಪುಣೆಯ ಕಂಪನಿಯಿಂದ ವಿದ್ಯುತ್ತಿನ ಗಾಳಿಯಂತ್ರ ಸ್ಥಾಪಿಸಲು ಹೋದವನು ಅಲ್ಲೇ ಕೊರೊನಾಕ್ಕೆ ತುತ್ತಾದ. ವಿಮಾನಗಳೆಲ್ಲ ಬಂದ್ ಆಗಿದ್ದವು. ಹೆಣ ಪುಣೆಯ ನಿಗಡಿಯಲ್ಲಿದ್ದ ಮನೆಗೆ ಬರುವ ಮಾತೇ ಇರಲಿಲ್ಲ. ಅದು ಕಲ್ಲುಗುಡ್ಡದ ಊರು. ಗೋರಿ ಅಗೆಯುವಷ್ಟು ಮಣ್ಣಿರುವುದು ಇಗರ್ಜಿಯ ಹಿಂದೆ, ಒಂದು ಅಂಗಳದಷ್ಟು ಮಾತ್ರ. ಅವನು ಬಾಡಿಗೆಗಿದ್ದ ಮನೆಯ ಮುದುಕಿ ವಾಸಿಲಿಕಿ, ತನಗೆಂದು ಇಟ್ಟುಕೊಂಡಿದ್ದ ಜಾಗದಲ್ಲಿ ಅವನನ್ನು ಹೂಳಿಸಿದಳು.

ತಾಯಿ ಚನ್ನಬಸವ್ವ ಅತ್ತು ಅತ್ತು ಕೊನೆಗೆ ಒಂದು ಸಮಾಧಾನ ಹಿಡಿದುಕೊಂಡಳು. ಲಿಂಗಾಯತರ ಹುಡುಗ, ಸುಡಲಿಲ್ಲ, ಮಣ್ಣಾಯಿತು. ನೆರೆಮನೆಯ ಇಂದೂಗೆ ಮರಾಠಿಯಲ್ಲೂ ಅದನ್ನೇ ಹೇಳಿ ಹೇಳಿ ಸಾಕುಮಾಡಿದ್ದಳು.

ಹೋದ ವರ್ಷ ಆ ಸಮಾಧಾನಕ್ಕೂ ಕಲ್ಲು ಬಿತ್ತು. ವಾಸಿಲಿಕಿಯ ಮಗಳು ಎಲೆನಿ ಫೋನ್ ಮಾಡಿದಳು. ಅಲ್ಲಿಯ ಪದ್ಧತಿಯಂತೆ, ಮುಂದಿನವರಿಗೆ ಜಾಗವಾಗಲೆಂದು, ಕೆಲವು ವರ್ಷಗಳಾದ ಮೇಲೆ ಗೋರಿ ತೆರೆದು, ಎಲುಬುಗಳನ್ನು ವೈನಿನಲ್ಲಿ ತೊಳೆದು, ಪೆಟ್ಟಿಗೆಗೆ ಹಾಕಿ ಇಗರ್ಜಿಯ ಪಕ್ಕದ ಕೋಣೆಯಲ್ಲಿಡುತ್ತಾರೆ. ದೊಡ್ಡ ಮಗನ ಹೆಂಡತಿ ರೇಣು ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಲೇ ಚನ್ನಬಸವ್ವ ಕೆಂಡವಾದಳು.

"ಮಣ್ಣ ಕೊಟ್ಟವರನ್ನ ತಿರಗಿ ಅಗೀತಾರೇನ? ಅದೂ ಸೆರೇದಾಗ ತೊಳೀತಾರಂತ. ನನ್ನ ಮಗನ್ನ ಮುಟ್ಟಬ್ಯಾಡ್ರಿ ಅಂತ ಹೇಳು."

ವಾಸಿಲಿಕಿ ಮುಟ್ಟಗೊಡಲಿಲ್ಲ. ಗೊಣಗಿದ ಊರವರಿಗೆ, ಅವನ ತಾಯಿ ಬೇಡವೆಂದಿದ್ದಾಳೆ ಎಂದು ಹೇಳಿ ಬಾಯಿ ಮುಚ್ಚಿಸಿದಳು. ಗೋರಿಯ ಮೇಲೆ ದೀಪ ಹಚ್ಚಿ, ಮಗಳ ಕೈಯಿಂದ ಫೋಟೊ ಕಳಿಸುತ್ತಿದ್ದಳು.

ಈ ಸೋಮವಾರ ಮತ್ತೆ ಎಲೆನಿಯ ಫೋನ್ ಬಂತು. ರೇಣು ಎಲ್ಲ ಕೇಳಿಸಿಕೊಂಡು, ಫೋನನ್ನು ಎದೆಗೊತ್ತಿಕೊಂಡು ನಿಂತಳು.

"ಅತ್ತಿ, ಆ ಅಜ್ಜಿ ತೀರಿಕೊಂಡಾಳಂತ. ನಾಳೆ ಮಣ್ಣು. ಗಂಡನ ಮಗ್ಗಲದಾಗ ಅಕಿಗೆ ಇರೂದು ಅದೊಂದ ಜಾಗಾ. ನೀವು ಗೋರಿ ತಗ್ಯಾಕ ಬ್ಯಾಡಂದ್ರ ಅಕಿನ್ನ ಕೆಳಗಿನ ಪ್ಯಾಟಿಗೆ ಒಯ್ತಾರಂತ. ಹುಡುಗನ್ನ ಮುಟ್ಟಬ್ಯಾಡ್ರಿ ಅಂತ ಸಾಯೋ ಮುಂದ ಅಜ್ಜೀನ ಹೇಳ್ಯಾಳಂತ."

ಚನ್ನಬಸವ್ವ ಬಾಯಿಗೆ ಸೆರಗು ಹಿಡಿದಳು. ಮಗ ಎರಡನೇ ಸಲ ಸಾಯುತ್ತಿದ್ದಾನೆ ಅನ್ನಿಸಿತು. ಈ ಸಲ ಹೂಂ ಅನ್ನಬೇಕಾದವಳು ತಾನೇ.

"ಸೆರೆ ಬ್ಯಾಡ, ನೀರಲೆ ತೊಳೀರಿ ಅನ್ನಲೇನ್ರಿ?" ಎಂದು ರೇಣು ಮೆಲ್ಲಗೆ ಕೇಳಿದಳು.

"ಏನೂ ಅನಬ್ಯಾಡ. ತಮ್ಮವರಿಗೆ ಹ್ಯಾಂಗ ಮಾಡ್ತಾರೋ ಹಾಂಗ ಮಾಡ್ಲಿ."

ಆಮೇಲೆ ಅವಳೇ ಕೈ ಚಾಚಿ ಫೋನು ತೆಗೆದುಕೊಂಡಳು. ಅತ್ತ ಕನ್ನಡ ಬಲ್ಲವರು ಯಾರೂ ಇಲ್ಲ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ.

"ಬಸೂ, ಏಳಪ್ಪಾ," ಎಂದಳು. "ಆ ಅವ್ವಗ ಮಲಗಾಕ ಜಾಗಾ ಬಿಡು."