ಐದರಲ್ಲಿ ಎರಡು

ಮೂವತ್ತೊಂದು ವರ್ಷ ನಾನು ಹಾರ್ವಿಕ್ ಊರಿನ ಬ್ಯಾಜರ್ಸ್ ಎಂಬ ಐಸ್ ಹಾಕಿ ತಂಡದ ಸಾಮಾನು ನೋಡಿಕೊಂಡವನು. ಸ್ಕೇಟಿನ ಅಲುಗು ಮಸೆಯುವುದು, ಮುರಿದ ಕೋಲು ಎತ್ತಿಡುವುದು, ಇಪ್ಪತ್ತೆರಡು ಗಂಡಸರ ಬೆವರು ಬಟ್ಟೆ ಒಗೆಯುವುದು. ಕೋಚುಗಳು ಹನ್ನೊಂದು ಜನ ಬಂದು ಹೋದರು, ನಾನು ಮಾತ್ರ ಅಲ್ಲೇ ಇದ್ದೆ. ಒರೆಸ್ಟ್ ಎಂಬ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ನಾನು ಮಾಮ. ಮಸೆಯುವ ಯಂತ್ರ ಕಿರುಚುತ್ತಿದ್ದರೆ ನನ್ನ ಕೋಣೆಯ ಮಾತು ಹೊರಗೆ ಕೇಳಿಸುವುದಿಲ್ಲ. ಹಾಗಾಗಿ ಕೋಚಿಗೆ ಹೇಳಲಾಗದ್ದು, ಹೆಂಡತಿಗೆ ಹೇಳಲಾಗದ್ದು ಎಲ್ಲ ನನ್ನ ಹತ್ತಿರವೇ ಬರುತ್ತಿತ್ತು. ಲೈಲ್ ಟೊಕಾರ್‌ನ ತಲೆಯ ವಿಷಯ ಶುರುವಾದದ್ದೂ ಅಲ್ಲೇ. ಶುರು ಮಾಡಿದವನು ನಾನು.

ಬಂದಾಗ ಅವನಿಗೆ ಇಪ್ಪತ್ತೊಂದು. ಗೋಧಿ ಹೊಲದ ಕಡೆಯವನು, ಬಾಗಿಲು ತುಂಬುವ ಮೈ. ತಾನು ಗೋಲು ಹೊಡೆಯಲು ಹುಟ್ಟಿದವನು ಎಂಬ ನಂಬಿಕೆ ಇನ್ನೂ ಉಳಿದಿತ್ತು ಪಾಪ. ಕೋಚು ಮೊದಲ ವಾರವೇ ಅವನ ಮುಷ್ಟಿ ನೋಡಿ ಬೇರೆ ಕೆಲಸ ಕೊಟ್ಟುಬಿಟ್ಟ. ನಮ್ಮ ಒಳ್ಳೆಯ ಆಟಗಾರನನ್ನು ಎದುರಿನವರು ಕೆಡವಿದರೆ ಲೈಲ್ ಹೋಗಿ ಕೈಗವಸು ಕಳಚಿ ಎಸೆದು ಅವರಲ್ಲೊಬ್ಬನ ಜೊತೆ ಹೊಡೆದಾಡಬೇಕು. ಆಮೇಲೆ ಐದು ನಿಮಿಷ ಅಂಗಳದ ಪಕ್ಕದ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತು ರಕ್ತ ಒರೆಸಿಕೊಳ್ಳಬೇಕು. ಪ್ರತಿ ತಂಡದಲ್ಲೂ ಇಂಥವನೊಬ್ಬ ಇರುತ್ತಿದ್ದ ಕಾಲ ಅದು. ಜನ ಗೋಲಿಗಿಂತ ಹೆಚ್ಚಾಗಿ ಇವರಿಗೇ ಎದ್ದು ನಿಂತು ಕೂಗುತ್ತಾರೆ, ಮಾರನೆಯ ದಿನ ಅಂಗಡಿಯಲ್ಲಿ ಸಿಕ್ಕರೆ ಗುರುತೂ ಹಿಡಿಯುವುದಿಲ್ಲ.

ತಂಡಕ್ಕೆ ಹೊಸದಾಗಿ ಸೇರಿದವರೆಲ್ಲ ಸೆಪ್ಟೆಂಬರಿನಲ್ಲಿ ಡಾಕ್ಟರ್ ಪ್ರೆಂಟಿಸ್ ಮುಂದೆ ಒಂದು ಪರೀಕ್ಷೆಗೆ ಕೂರಬೇಕು. ಐದು ಪದ ಹೇಳುತ್ತಾರೆ, ಹತ್ತು ನಿಮಿಷ ಬಿಟ್ಟು ವಾಪಸ್ ಕೇಳುತ್ತಾರೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿಸುತ್ತಾರೆ. ಬಂದ ಅಂಕವೇ ಆ ಮನುಷ್ಯನ ಮಾಮೂಲು ಎಂದು ಫೈಲಿಗೆ ಹೋಗುತ್ತದೆ. ಮುಂದೆ ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಪರೀಕ್ಷೆ, ಪದಗಳು ಮಾತ್ರ ಪ್ರತಿ ಸಲ ಬೇರೆ. ಮಾಮೂಲಿಗಿಂತ ಕಡಿಮೆ ಬಂದರೆ ಆಟ ಬಂದ್. ಎರಡು ವಾರ ಮನೆಯಲ್ಲಿ ಕೂತರೆ ನಿನ್ನ ಜಾಗದಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅದಕ್ಕೇ ನಮ್ಮ ಹುಡುಗರು ಮೊದಲ ಪರೀಕ್ಷೆಯಲ್ಲಿ ಬೇಕೆಂದೇ ದಡ್ಡರಾಗುತ್ತಿದ್ದರು. ಈ ವಿದ್ಯೆ ಹೇಳಿಕೊಡುತ್ತಿದ್ದವನು ನಾನು, ಅದೇನೋ ದೊಡ್ಡ ಉಪಕಾರ ಎಂಬಂತೆ.

“ಲೋ ಹೋರಿ, ಇಲ್ಲಿ ಬಾ,” ಅಂದೆ. “ನಾಳೆ ಡಾಕ್ಟ್ರು ಐದು ಪದ ಹೇಳ್ತಾರಲ್ಲ, ಎಷ್ಟು ವಾಪಸ್ ಹೇಳ್ತೀಯ?”

“ಐದೂ ಹೇಳ್ತೀನಿ ಮಾಮ. ಸ್ಕೂಲಲ್ಲಿ ಮಗ್ಗಿ ಎಲ್ಲರಿಗಿಂತ ನಂಗೇ ಚೆನ್ನಾಗಿ ಬರ್ತಿದ್ದಿದ್ದು.”

“ಅಯ್ಯೋ ಜಾಣ! ಐದು ಹೇಳಿದ್ರೆ ಕ್ರಿಸ್‌ಮಸ್‌ಗೆ ಮುಂಚೆ ಅಪ್ಪನ ಟ್ರ್ಯಾಕ್ಟರ್ ಓಡಿಸ್ತಿರ್ತೀಯ. ಎರಡೇ ಹೇಳು. ಮೂರು ಮರೆತೋಯ್ತು ಅನ್ನು. ಒಂಟಿಕಾಲಲ್ಲಿ ನಿಂತಾಗ ಒಂಚೂರು ವಾಲು. ಜಾಸ್ತಿ ನಾಟಕ ಆಡ್ಬೇಡ ಮತ್ತೆ.”

ಮಾರನೆಯ ದಿನ ಹಲ್ಲು ಕಿರಿಯುತ್ತಾ ಬಂದ. ಮುಂದಿನ ಒಂದು ಹಲ್ಲು ಆಗಲೇ ಹೋಗಿತ್ತು.

“ಸೇಬು, ಕಂಬಳಿ, ಏಣಿ, ಚಮಚ, ನದಿ,” ಅಂದ ಒಂದೇ ಉಸಿರಿಗೆ. “ಡಾಕ್ಟ್ರಿಗೆ ಸೇಬು, ನದಿ ಎರಡೇ ಕೊಟ್ಟೆ. ಮಿಕ್ಕಿದ್ದು ಮೂರೂ ನಿಂಗೆ, ಇಟ್ಕೋ.”

ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಹಾಕಿಯವರಿಗಿರುವಷ್ಟು ಮೂಢನಂಬಿಕೆ ಇನ್ನಾರಿಗೂ ಇರಲಾರದು. ಒಬ್ಬ ಎಡಗಾಲಿಗೇ ಮೊದಲು ಸ್ಕೇಟ್ ಹಾಕುತ್ತಾನೆ, ಇನ್ನೊಬ್ಬ ಗೆಲ್ಲುತ್ತಿರುವಷ್ಟು ದಿನ ಕಾಲುಚೀಲ ಒಗೆಯಲು ಬಿಡುವುದಿಲ್ಲ. ಲೈಲ್‌ಗೆ ಆ ಐದು ಪದಗಳೇ ಮಂತ್ರವಾದವು. ಪ್ರತಿ ಆಟಕ್ಕೆ ಮುಂಚೆ ಮಸೆದ ಸ್ಕೇಟ್ ತೆಗೆದುಕೊಳ್ಳುವಾಗ ಅವನು “ಸೇಬು” ಅನ್ನಬೇಕು, ನಾನು “ಕಂಬಳಿ” ಅನ್ನಬೇಕು, ಅವನು “ಏಣಿ”, ನಾನು “ಚಮಚ”. “ನದಿ” ಎಂದವನೇ ಎದ್ದು ಐಸಿಗೆ ಹೋಗುತ್ತಿದ್ದ. ಹೇಳದೆ ಒಂದು ದಿನವೂ ಇಳಿದವನಲ್ಲ.

ಎಂಟು ವರ್ಷ ಹೀಗೆ ನಡೆಯಿತು. ನಡುವೆ ಆಡ್ರಾ ಎಂಬ ಹುಡುಗಿಯನ್ನು ಮದುವೆಯಾದ, ಪಿಪ್ ಎಂಬ ಮಗಳು ಹುಟ್ಟಿದಳು. ಮೂಗು ಮೂರು ಸಲ ಮುರಿಯಿತು. ಬಲಗೈ ಬೆರಳುಗಳು ಪೂರ್ತಿ ಮಡಿಸಲು ಬಾರದಂತಾದವು, ಚಮಚ ಎಡಗೈಯಲ್ಲಿ ಹಿಡಿದು ಉಣ್ಣುತ್ತಿದ್ದ. ತಲೆಗೆ ಪೆಟ್ಟು ಬಿದ್ದಾಗಲೆಲ್ಲ ಡಾಕ್ಟರ ಹತ್ತಿರ ಹೋಗಿ, ಐದರಲ್ಲಿ ಮೂರು ಪದ ಹೇಳಿ ಬರುತ್ತಿದ್ದ. ಮಾಮೂಲಿಗಿಂತ ಒಂದು ಜಾಸ್ತಿಯೇ ಬಂತು ಎಂದು ಡಾಕ್ಟರು ಬೆನ್ನು ತಟ್ಟುತ್ತಿದ್ದರು. ನಾನೂ ಒಳಗೊಳಗೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಎಂಟನೆಯ ವರ್ಷ ಜನವರಿಯಲ್ಲಿ, ಒಂದು ಮಧ್ಯಾಹ್ನ ಅಭ್ಯಾಸ ಮುಗಿದು ಎರಡು ಗಂಟೆಯಾದ ಮೇಲೆ ನಾನು ಕಸ ಹಾಕಲು ಹೊರಗೆ ಹೋದೆ. ಲೈಲ್‌ನ ಟ್ರಕ್ಕು ಇನ್ನೂ ಅಲ್ಲೇ ನಿಂತಿತ್ತು, ಎಂಜಿನ್ ಓಡುತ್ತಿತ್ತು. ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ.

“ಏನೋ, ಪೆಟ್ರೋಲ್ ಏನು ನಿಮ್ಮಪ್ಪನ ಬಾವಿಲಿ ಬರುತ್ತಾ?” ಅಂದೆ.

ಅವನು ನಗಲಿಲ್ಲ. “ಮಾಮ, ಇಲ್ಲಿಂದ ಎಡಕ್ಕಾ ಬಲಕ್ಕಾ? ನಮ್ಮನೆಗೆ.”

“ಎಡಕ್ಕೆ ಕಣೋ,” ಅಂದೆ. ಎಂಟು ವರ್ಷ ಅದೇ ದಾರಿ. ಆದರೆ ಮುಂದಿನ ಆಟಕ್ಕೆ ಮುಂಚೆ ಅವನು ಸೇಬಿನಿಂದ ನದಿಯವರೆಗೆ ಎಡವದೆ ಹೇಳಿದ, ಹಾಗಾದರೆ ಏನೂ ಆಗಿಲ್ಲ ಎಂದುಕೊಂಡೆ. ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಮಾರ್ಚಿನಲ್ಲಿ ಅವನೇ ಬಂದು ಕೋಣೆಯ ಬಾಗಿಲು ಹಾಕಿಕೊಂಡ. ನಾನು ಯಂತ್ರ ಜೋರು ಮಾಡಿದೆ.

“ನಂಗೆ ಸಾಕಾಯ್ತು ಮಾಮ. ದೀಪ ನೋಡಿದ್ರೆ ವಾಂತಿ ಬರುತ್ತೆ. ಮೊನ್ನೆ ಪಿಪ್ ಮೇಲೆ ಕೈ ಎತ್ಬಿಟ್ಟಿದ್ದೆ. ಲೋಟ ಬೀಳಿಸಿದ್ಲು ಅಂತ. ಅಷ್ಟಕ್ಕೇ.”

“ಸಾಕಾದ್ರೆ ಬಿಟ್ಟುಬಿಡೋ.”

“ನಾನೇ ಬಿಟ್ರೆ ಹೆದರಿದ ಅಂತಾರೆ. ಡಾಕ್ಟ್ರು ಬಿಡು ಅಂದ್ರೆ ಪೆಟ್ಟಾಗಿದೆ ಅಂತಾರೆ. ಎರಡಕ್ಕೂ ಎಷ್ಟು ದೂರ ಅಂತ ನಿಂಗೇ ಗೊತ್ತಲ್ಲ.”

ಗೊತ್ತಿತ್ತು. ಅವನಿಗೆ ಮುಂಚೆ ಅದೇ ಕೆಲಸ ಮಾಡುತ್ತಿದ್ದವನು ತಾನಾಗಿಯೇ ಬಿಟ್ಟು ಹೋದ. ಅದೇ ಸಂಜೆ ಅವನ ಕಪಾಟಿನ ಮೇಲಿದ್ದ ಹೆಸರಿನ ಪಟ್ಟಿಯನ್ನು ಕಿತ್ತು ಕಸಕ್ಕೆ ಹಾಕಿದವನು ನಾನು. ಅವನ ಮದುವೆಯಲ್ಲಿ ಕುಡಿದು ಕುಣಿದವರು ಕೂಡ ಆಮೇಲೆ ಅವನ ಹೆಸರು ಎತ್ತಲಿಲ್ಲ. ಬಟ್ಟೆ ಬದಲಿಸುವ ಆ ಕೋಣೆಯ ಹೊರಗೆ ಲೈಲ್‌ಗೆ ಬೇರೆ ಊರೇ ಇರಲಿಲ್ಲ.

“ನಾಳೆ ಡಾಕ್ಟ್ರ ಹತ್ರ ಹೋಗಿ ನಿಜವಾಗ್ಲೂ ಪರೀಕ್ಷೆ ಬರೀತೀನಿ,” ಅಂದ. “ನಾಟಕ ಇಲ್ಲ. ಫೇಲ್ ಮಾಡಿ ಮನೆಗೆ ಕಳಿಸ್ತಾರೆ.”

ಮಾರನೆಯ ದಿನ ಹತ್ತೂವರೆಗೆ ಒಂದು ಕಾಗದ ಹಿಡಿದು ಬಂದ. ಅವನ ಮುಖ ನೋಡಿ ನಾನು ಯಂತ್ರ ನಿಲ್ಲಿಸಿದೆ.

“ಮಾಮ, ಪಾಸಾಗ್ಬಿಟ್ಟೆ.”

“ಅದು ಹೆಂಗೋ?”

“ಐದಕ್ಕೂ ಹುಡುಕಾಡ್ದೆ, ದೇವರಾಣೆ. ಎರಡೇ ಸಿಕ್ತು. ಒಂಟಿಕಾಲಲ್ಲಿ ನಿಲ್ಲಕ್ಕೇ ಆಗ್ಲಿಲ್ಲ. ಡಾಕ್ಟ್ರು ಹಳೇ ಫೈಲ್ ತೆಗೆದು ನೋಡಿ, ಎಂಟು ವರ್ಷದ ಹಿಂದೆ ಹೆಂಗಿದ್ಯೋ ಹಂಗೇ ಇದೀಯಲ್ಲೋ, ಬಂಡೆ ಕಣಯ್ಯಾ ನೀನು, ಅಂದ್ರು. ಸುಸ್ತಿರಬೇಕು, ನೀರು ಜಾಸ್ತಿ ಕುಡಿ ಅಂದ್ರು.”

ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದ. ಆಮೇಲೆ ನನ್ನ ತೋಳು ಹಿಡಿದುಕೊಂಡ.

“ನೀನು ಹೋಗಿ ಹೇಳು ಮಾಮ. ನಾನು ಹೇಳಿದ್ರೆ ಹೆದರ್ಕೊಂಡು ಕತೆ ಕಟ್ತಿದಾನೆ ಅಂತಾರೆ. ಮೊದಲನೇ ಸಲ ಸುಳ್ಳು ಹೇಳ್ಸಿದ್ದು ನಾನೇ ಅಂತ ಒಂದು ಮಾತು ಹೇಳ್ಬಿಡು. ಅಷ್ಟು ಸಾಕು.”

ಒಂದು ಮಾತು. ಕೋಣೆಯಿಂದ ಡಾಕ್ಟರ ಕೊಠಡಿಗೆ ನಲವತ್ತು ಹೆಜ್ಜೆ. ಆದರೆ ಆ ವರ್ಷದ ತಂಡದಲ್ಲಿ ನನ್ನ ಪಾಠ ಕೇಳಿದವರು ಇನ್ನೂ ಒಂಬತ್ತು ಜನ ಇದ್ದರು. ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತಿನ ಆಟಗಳು ಆ ಶನಿವಾರವೇ ಶುರು. ಒಂಬತ್ತು ಫೈಲುಗಳೂ ಸುಳ್ಳು ಎಂದಾದರೆ ತಂಡವೇ ಕೂರಬೇಕು, ನನ್ನ ಕೋಣೆಯ ಕೀಲಿ ಸಂಜೆಯೊಳಗೆ ಇನ್ನೊಬ್ಬನ ಕೈಯಲ್ಲಿರುತ್ತದೆ. ಇಷ್ಟೆಲ್ಲ ಒಂದೇ ಕ್ಷಣದಲ್ಲಿ ನನ್ನ ತಲೆಗೆ ಬಂತು. ನನ್ನ ತಲೆ ಚೆನ್ನಾಗಿತ್ತಲ್ಲ.

“ಶನಿವಾರದ ಆಟ ಒಂದು ಮುಗೀಲಿ ಕಣೋ,” ಅಂದೆ. “ಸೋಮವಾರ ಬೆಳಿಗ್ಗೆ ನಾನೇ ಹೋಗ್ತೀನಿ.”

“ಆಣೆ?”

“ಆಣೆ.”

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅವನು ಸ್ಕೇಟ್ ತೆಗೆದುಕೊಂಡು “ಸೇಬು” ಅಂದ. ನಾನು “ಕಂಬಳಿ” ಅಂದೆ. ಐದೂ ಮುಗಿಸಿ ಹೋದ. ಎರಡನೆಯ ಅವಧಿಯಲ್ಲಿ ಎದುರು ತಂಡದ ಹೊಸ ಹುಡುಗನೊಬ್ಬ, ಇಪ್ಪತ್ತರವನು, ಅವನ ಹತ್ತಿರ ಜಾರಿ ಬಂದು ತುಂಬ ಮರ್ಯಾದೆಯಿಂದ ಕೇಳಿದ, “ಬರ್ತೀರಾ ಅಣ್ಣ?” ನಮ್ಮಲ್ಲಿ ಹಾಗೆ ಕೇಳಿಯೇ ಹೊಡೆದಾಡುವುದು. ಒಲ್ಲೆ ಎನ್ನುವ ಹಕ್ಕೂ ಇದೆ, ಲೆಕ್ಕಕ್ಕೆ. ಲೈಲ್ ಬೆಂಚಿನ ಕಡೆ ತಿರುಗಿ ನನ್ನನ್ನು ನೋಡಿದ. ನಾನು ಟವೆಲ್ ಮಡಿಸುತ್ತಾ ಕೆಳಗೆ ನೋಡಿದೆ. ತಲೆ ಎತ್ತಿದಾಗ ಅವನು ಕೈಗವಸು ಎಸೆದಾಗಿತ್ತು.

ಎರಡು ಏಟಿಗೆ ಹೆಲ್ಮೆಟ್ ಹಾರಿತು. ಮೂರನೆಯದಕ್ಕೆ ಹಿಂದಕ್ಕೆ ಬಿದ್ದ, ಕೈ ಊರದೆ. ತಲೆ ಐಸಿಗೆ ಬಡಿದ ಸದ್ದು ಅಷ್ಟು ಜನರ ಕೂಗಿನ ನಡುವೆಯೂ ಬೆಂಚಿಗೆ ಕೇಳಿಸಿತು. ಹೊಡೆದ ಹುಡುಗ ಮಂಡಿಯೂರಿ ಕೂತು, ಲೈಲ್‌ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರಾದ್ರೂ ಬನ್ರೋ, ಬನ್ರೋ ಎಂದು ಅಳುತ್ತಿದ್ದ.

ಸೋಮವಾರ ನಾನು ಡಾಕ್ಟರ ಹತ್ತಿರ ಹೋಗಲಿಲ್ಲ. ಈಗ ಹೇಳಿ ಏನು ಪ್ರಯೋಜನ ಎಂದು ಸಮಾಧಾನ ಮಾಡಿಕೊಂಡೆ. ಅದೂ ಸುಳ್ಳು. ಹೆದರಿದೆ ಅಷ್ಟೇ. ಎಂಟು ವರ್ಷದಲ್ಲಿ ಆ ಕಟ್ಟಡದಲ್ಲಿ ನಿಜವಾಗಿ ಹೆದರಿದವನು ನಾನೊಬ್ಬನೇ.

ಆರು ವಾರ ಬಿಟ್ಟು ಲೈಲ್ ಕಣ್ಣು ಬಿಟ್ಟ, ಮನೆಗೂ ಬಂದ. ಬಂದದ್ದು ಅಷ್ಟೇ. ಆಡ್ರಾ ಅವನಿಗೆ ಉಣ್ಣಿಸುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು. ಮಾತು ಯಾವಾಗಲೋ ಒಂದು, ಅದಕ್ಕೆ ತಲೆಬುಡ ಇರುತ್ತಿರಲಿಲ್ಲ. ತಂಡದವರು ಮೊದಲು ಸಾಲಾಗಿ ಬಂದರು, ಆಮೇಲೆ ಹೂವು ಕಳಿಸಿದರು, ಆಮೇಲೆ ಅದೂ ಇಲ್ಲ. ನಾನು ಮಾತ್ರ ಪ್ರತಿ ಭಾನುವಾರ ನಮ್ಮಮ್ಮ ಕಲಿಸಿದಂತೆ ಆಲೂಗಡ್ಡೆ ತುಂಬಿದ ಪೆರೋಗಿ ಎಂಬ ಕಡುಬು ಬೇಯಿಸಿ, ಪಾತ್ರೆಗೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದೆ. ಪಾಪ ತೊಳೆಯುತ್ತದೆ ಎಂದಲ್ಲ. ಸುಮ್ಮನೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಮರುವರ್ಷ ಫೆಬ್ರವರಿಯ ಒಂದು ಭಾನುವಾರ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಆಡ್ರಾ ನನಗೆ ಕಾಫಿ ಕೊಟ್ಟು ಎದುರಿಗೆ ಕೂತಳು.

“ನೀವೊಬ್ರೇ ಮಾಮ ಈ ಮನೆಗೆ ಬರೋದು,” ಅಂದಳು. “ಮೊನ್ನೆ ಡಾಕ್ಟ್ರ ಹತ್ರ ಹೋಗಿದ್ದೆ. ಆ ವಾರ ಅವನನ್ನ ಯಾಕೆ ಆಡಕ್ಕೆ ಬಿಟ್ರಿ ಅಂತ ಕೇಳ್ದೆ. ಹಳೇ ಫೈಲ್ ತೋರಿಸಿದ್ರು. ಮೊದ್ಲಿಂದನೂ ಅವನ ನೆನಪು ಅಷ್ಟಕ್ಕಷ್ಟೇ ಅಂತೆ. ನಿಮ್ಮ ಯಜಮಾನರು ಮುಂಚಿಂದನೂ ಹಂಗೇ ಇದ್ರಮ್ಮ, ಅಂದ್ರು.” ಲೋಟ ತಿರುಗಿಸುತ್ತಾ ಕೂತಳು. “ನಂಗೆ ಯಾವತ್ತೂ ಹಂಗೆ ಅನ್ನಿಸಿರ್ಲಿಲ್ಲ ಮಾಮ. ಮೊದಲನೇ ಸಲ ಸಿಕ್ಕಾಗ ನಾನು ಯಾವ ಬಣ್ಣದ ಸ್ವೆಟರ್ ಹಾಕಿದ್ದೆ ಅನ್ನೋದೂ ಅವನಿಗೆ ನೆನಪಿತ್ತು. ನಾನೇ ಪ್ರೀತಿಲಿ ಕುರುಡಿ ಆಗಿದ್ನೇನೋ.”

ಆಗಲಾದರೂ ಹೇಳಬೇಕಿತ್ತು. ನಾನು ಕಾಫಿ ಕುಡಿದೆ.

ಲೈಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಪಿಪ್ ನೆಲದ ಮೇಲೆ ಕೂತು ಸೇಬು ಕಚ್ಚುತ್ತಿದ್ದಳು. ಅವನು ಆ ಹಣ್ಣನ್ನು ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿ ನೇರವಾಗಿ ನನ್ನ ಮುಖ ನೋಡಿದ, ಒಂದು ವರ್ಷದಲ್ಲಿ ಮೊದಲ ಸಲ.

“ಸೇಬು,” ಅಂದ.

ನಾನು ಕಾಫಿ ಲೋಟ ಕೆಳಗಿಟ್ಟೆ.

“ಸೇಬು,” ಅಂದ ಮತ್ತೆ, ಸ್ವಲ್ಪ ಸಿಡುಕಿ. ಹಳೆಯ ಸಿಡುಕು, ಆಟಕ್ಕೆ ಹೊತ್ತಾಯಿತು ಎನ್ನುವಂಥದ್ದು.

“ಕಂಬಳಿ,” ಅಂದೆ.

“ಏಣಿ.”

“ಚಮಚ.”

“ನದಿ!” ಎಂದು ಕುರ್ಚಿಯ ಕೈ ಹಿಡಿದು ಎದ್ದು ನಿಂತುಬಿಟ್ಟ.

ಆಡ್ರಾ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು, ಆದರೆ ನಗುತ್ತಿದ್ದಳು. “ಎಷ್ಟು ಚೆನ್ನಾಗಿ ಹೇಳ್ದೆ! ಏನದು ಲೈಲ್? ಯಾರು ಹೇಳ್ಕೊಟ್ರು?”

“ಡಾಕ್ಟ್ರು ಐದು ಹೇಳಿದ್ರು,” ಅಂದ ಅವನು, ಬಿಡಿಸಿ ಬಿಡಿಸಿ, ಪಾಠ ಒಪ್ಪಿಸುವವನ ಹಾಗೆ. “ಐದೂ ಗೊತ್ತಿತ್ತು ನಂಗೆ. ಎರಡೇ ಹೇಳು ಅಂದ ಮಾಮ. ಎರಡೇ ಹೇಳ್ದೆ.” ನನ್ನ ಕಡೆ ತಿರುಗಿದ. ಹಲ್ಲಿಲ್ಲದ ಬಾಯಿ ತುಂಬ ನಗು. “ಸರಿಯಾಗ್ ಮಾಡಿದ್ನಾ ಮಾಮ?”

ಆಡ್ರಾಳ ನಗು ನಿಧಾನವಾಗಿ ಹೋಯಿತು. ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ನನ್ನನ್ನು. ಅವಳು ಬುದ್ಧಿವಂತೆ, ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಐದೂ ಗೊತ್ತಿತ್ತು ಅವನಿಗೆ,” ಅಂದಳು. ನನಗೆ ಹೇಳಿದ್ದಲ್ಲ ಅದು.

ಲೈಲ್ ಇನ್ನೂ ನಿಂತೇ ಇದ್ದ, ಉತ್ತರಕ್ಕೆ ಕಾಯುತ್ತಾ.

“ಸರಿಯಾಗ್ ಮಾಡ್ದೆ ಕಣೋ,” ಅಂದೆ.

ಆಡ್ರಾ ಎದ್ದು ಹೋಗಿ ಗೂಟದಿಂದ ನನ್ನ ಕೋಟು ತಂದಳು. ಅಡುಗೆಮನೆಯಿಂದ ಪಾತ್ರೆಯನ್ನೂ ತಂದಳು. ಒಂದು ಪೆರೋಗಿಯನ್ನೂ ತೆಗೆದಿರಲಿಲ್ಲ, ತಳ ಇನ್ನೂ ಬಿಸಿಯಿತ್ತು. ಎರಡನ್ನೂ ನನ್ನ ಕೈಗಿಟ್ಟು ಬಾಗಿಲು ತೆರೆದು, ಹಿಡಿದುಕೊಂಡು ನಿಂತಳು. ಚಳಿ ಒಳಗೆ ನುಗ್ಗಿತು. ನಾನು ಹೊಸಿಲು ದಾಟುವಾಗ, ಆಟ ಶುರುವಾಯಿತೆಂದು ತಿಳಿದು ಲೈಲ್ ನನ್ನ ಹಿಂದೆಯೇ ಬರಿಗಾಲಲ್ಲಿ ಹೊರಟ. ಅವಳು ಅವನ ತೋಳು ಹಿಡಿದು ಒಳಗೆ ಎಳೆದುಕೊಂಡಳು.