ಬಾಯಿಬಡುಕಿಯ ಕಲ್ಲು

ಹಲ್ಲಿನ ಸೆಟ್ಟು ಕಟ್ಟುವವನಿಗೆ ಲೋಕದಲ್ಲಿ ಒಬ್ಬನೇ ಶತ್ರು, ಕಲ್ಲು. ತುತ್ತಿನಲ್ಲಿ ಸಾಸಿವೆಯಷ್ಟು ಕಲ್ಲು ಸಿಕ್ಕರೆ ಸಾಕು, ವಾರವಿಡೀ ಕೂತು ಉಜ್ಜಿ ಹೊಳಪು ಕೊಟ್ಟ ಸೆಟ್ಟು ಎರಡು ಹೋಳಾಗಿ ಕರವಸ್ತ್ರದಲ್ಲಿ ವಾಪಸು ಬರುತ್ತದೆ. ಆದ್ದರಿಂದ ಅಕ್ಕನ ಗಿಳಿಯ ಪಂಜರದಲ್ಲಿ ಕಲ್ಲು ಕಂಡಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು.

ಗಿಳಿಯ ಹೆಸರು ಬಾಯಿಬಡುಕಿ. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೆ ಬಂದಾಗ ಒಂದು ಟ್ರಂಕು, ಈ ಗಿಳಿ, ಇಷ್ಟನ್ನೇ ತಂದಿದ್ದಳು. ಭಾವ ಅಂಗೈಯಲ್ಲಿಟ್ಟು ಸಾಕಿದ ಹಕ್ಕಿ ಅದು. ಅವನ ಕೆಮ್ಮನ್ನು ತದ್ರೂಪು ಕೆಮ್ಮುತ್ತಿತ್ತು. ಅದು ಕೆಮ್ಮಿದಾಗಲೆಲ್ಲ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ತಮ್ಮ ಅದನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ.

ಒಂದು ದಿನ ಗಾಳಿಗೆ ಬಾಗಿಲು ರಪ್ಪನೆ ಬಡಿದು, ಸಂದಿಗೆ ಸಿಕ್ಕಿದ ಗಿಳಿಯ ಮೇಲಿನ ಕೊಕ್ಕು ಬುಡದವರೆಗೂ ಹಾರಿಹೋಯಿತು. ದನದ ಡಾಕ್ಟರಮ್ಮ ರಕ್ತ ನಿಲ್ಲಿಸಿ, ಗಾಯ ಒಣಗಿಸಿದರು. ಆದರೆ ಮಾತನ್ನು ಮುಚ್ಚಿಡಲಿಲ್ಲ. ನೆನೆಸಿದ ಬ್ರೆಡ್ಡು, ಹಿಸುಕಿದ ಬಾಳೆಹಣ್ಣು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಆದರೆ ಕೊಕ್ಕಿಲ್ಲದೆ ಗರಿ ಬಾಚಿಕೊಳ್ಳಲಾರದು. ಗರಿ ಕೊಳಕಾದರೆ ಹೇನು, ಹೇನಿನಿಂದ ಹುಣ್ಣು. ಅಲ್ಲಿಗೆ ಬಂದರೆ ಸೂಜಿ ಕೊಟ್ಟು ನೋವಿಲ್ಲದಂತೆ ಕಳಿಸಿಕೊಡುವುದೇ ಮೇಲು ಎಂದರು.

ಅಕ್ಕ ಅಳಲಿಲ್ಲ. ತಮ್ಮನ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು: "ಕಂಡವರಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ. ಇದಕ್ಕೊಂದು ಕೊಕ್ಕು ಆಗಲ್ವೇನೋ?"

ಆಗದೆ ಏನು? ಅಚ್ಚು ತೆಗೆದ, ಎರಕ ಹೊಯ್ದ, ಉಜ್ಜಿದ. ಕೈಯಲ್ಲಿದ್ದದ್ದು ಒಸಡಿನ ಬಣ್ಣದ ಪುಡಿ, ಹಾಗಾಗಿ ಕೊಕ್ಕು ಗುಲಾಬಿಯಾಯಿತು. ಮದುಮಗಳಿಗೆ ಲಿಪ್‌ಸ್ಟಿಕ್ಕು ಜಾಸ್ತಿಯಾಯಿತು ಎಂದು ಅಕ್ಕ ನಕ್ಕಳು. ಬಾಯಿಬಡುಕಿ ಅದನ್ನು ಕಾಲಲ್ಲಿ ಕಿತ್ತು ನೀರಿನ ಬಟ್ಟಲಿಗೆ ಎಸೆಯಿತು. ಇನ್ನೊಂದನ್ನು ಗಟ್ಟಿಯಾಗಿ ಅಂಟಿಸಿದ. ಅದನ್ನು ಸರಳಿಗೆ ತಿಕ್ಕಿ ತಿಕ್ಕಿ ಬೀಳಿಸಿತು, ಗಾಯದಲ್ಲಿ ಮತ್ತೆ ರಕ್ತ ಬಂತು. ಇನ್ನು ಇದರ ಮುಖ ಮುಟ್ಟಿದರೆ ಜೋಕೆ ಎಂದು ಡಾಕ್ಟರಮ್ಮ ಗದರಿದರು. ಅವನು ಮನೆಗೆ ಬಂದು ಅಚ್ಚುಗಳನ್ನೆಲ್ಲ ಕಸಕ್ಕೆ ಸುರಿದ.

ಗಿಳಿಯ ಬೆನ್ನಿನ ಗರಿ ಹಳೆಯ ಪೊರಕೆಯಂತಾಯಿತು. ಕಲ್ಲು ಕಾಣಿಸಿದ್ದು ಆಗಲೇ. ಪಂಜರದ ಬಾಗಿಲು ತೆರೆದಾಗ ಅದು ಹೂಕುಂಡದವರೆಗೆ ನಡೆದು, ಮಣ್ಣಲ್ಲಿ ಹುಡುಕಿ, ಒಂದು ಕಲ್ಲನ್ನು ಬಾಯಲ್ಲಿಟ್ಟುಕೊಂಡು ಬರುತ್ತಿತ್ತು. ಹಸಿವಿಗೆ ಬುದ್ಧಿ ಕೆಟ್ಟು ಕಲ್ಲು ತಿನ್ನುತ್ತಿದೆ, ಗಂಟಲಿಗೆ ಸಿಕ್ಕಿ ಸಾಯುತ್ತದೆ ಎಂದುಕೊಂಡ ಅವನು ಪ್ರತಿ ಬೆಳಿಗ್ಗೆ ಕಲ್ಲನ್ನೆಲ್ಲ ಹೆಕ್ಕಿ ಬೀದಿಗೆ ಎಸೆಯುತ್ತಿದ್ದ. ಗಿಳಿ ಮತ್ತೆ ತರುತ್ತಿತ್ತು. ಅವನು ಮತ್ತೆ ಎಸೆಯುತ್ತಿದ್ದ. ಇಬ್ಬರದೂ ಒಂದೇ ಹಟ.

ಒಂದು ಮಧ್ಯಾಹ್ನ ಅಕ್ಕ ಬಂದು ಅವನ ಮುಂಗೈ ಹಿಡಿದಳು. "ಬಾ. ಬಾಯಿ ಬಿಡಬೇಡ."

ಪಂಜರದಲ್ಲಿ ಬಾಯಿಬಡುಕಿ ಕೆಳಕೊಕ್ಕಿಗೂ ನಾಲಿಗೆಗೂ ನಡುವೆ ಕಡಲೆಯಷ್ಟು ಕಲ್ಲನ್ನು ಅವುಚಿ ಹಿಡಿದು, ಎದೆಯ ಗರಿಯೊಂದನ್ನು ಅದಕ್ಕೆ ಸಿಕ್ಕಿಸಿ, ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿತು. ಕಲ್ಲು ಜಾರಿ ಬಿತ್ತು. ಇಳಿದು ಹೋಗಿ, ಪಕ್ಕದ ಕಲ್ಲುಗಳನ್ನು ಮೂಸಿಯೂ ನೋಡದೆ ಅದನ್ನೇ ಎತ್ತಿಕೊಂಡು ಬಂತು. ಎದೆಯ ಗರಿಗಳು ಸಾಲಾಗಿ ಮಲಗಿದ್ದವು, ಹೊಸದಾಗಿ ಬಾಚಿದ ಮಗುವಿನ ತಲೆಯಂತೆ.

ಅವನು ಗೋಡೆಗೆ ಒರಗಿದ. "ದಿನಾ ಅದರ ಬಾಚಣಿಗೆ ಕಿತ್ಕೊಂಡು ಬೀದಿಗೆ ಬಿಸಾಕ್ತಿದ್ದೆ ಅಕ್ಕಾ."

"ನಂಗೂ ಗೊತ್ತಾಗಿದ್ದು ಇವತ್ತೇ ಕಣೋ," ಎಂದಳು ಅಕ್ಕ.

ಡಾಕ್ಟರಮ್ಮ ಸುದ್ದಿ ಕೇಳಿ ತಾವೇ ಮನೆಗೆ ಬಂದರು. ನಾಲ್ಕು ಬಗೆಯ ಕಲ್ಲು ಹರಡಿಟ್ಟು ಸ್ಟೂಲಿನ ಮೇಲೆ ಕೂತರು. ಗಿಳಿ ದೊಡ್ಡದನ್ನು ಬಿಟ್ಟಿತು, ಚಪ್ಪಟೆಯದನ್ನು ಬಾಯಲ್ಲಿಟ್ಟು ನೋಡಿ ಉಗಿಯಿತು, ತನ್ನ ಅಳತೆಯದನ್ನು ಆರಿಸಿಕೊಂಡಿತು. ಕಾಗೆ ಜಾತಿಯ ಕೆಲವು ಹಕ್ಕಿಗಳು ಕಡ್ಡಿ ಚುಚ್ಚಿ ಹುಳ ತೆಗೆಯುತ್ತವೆ, ಕಡಲಿನ ನೀರುನಾಯಿ ಎದೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಲಕ್ಷಾಂತರ ವರ್ಷ ತಾಯಿಯಿಂದ ಮರಿಗೆ ಇಳಿದು ಬಂದ ಜಾಣ್ಮೆ ಅವುಗಳದ್ದು. ಇದಕ್ಕೆ ತೋರಿಸಿಕೊಡಲು ಯಾರಿದ್ದರು ಎಂದು ಕೇಳಿದರು.

"ಯಾರೂ ಇಲ್ಲ," ಎಂದಳು ಅಕ್ಕ. "ಬೇಕಾಗಿತ್ತು, ಹುಡುಕ್ಕೊಂಡಿತು."

ಡಾಕ್ಟರಮ್ಮ ರೆಕ್ಕೆ ಬಿಡಿಸಿ ಚರ್ಮ ನೋಡಿದರು. ಕೆಂಪಿತ್ತು, ಹುಣ್ಣಿರಲಿಲ್ಲ. "ಕಳಿಸಿಕೊಡೋ ಮಾತು ಇನ್ನು ಬೇಡ. ಕಲ್ಲು ಮಾತ್ರ ಕಮ್ಮಿ ಮಾಡಬೇಡಿ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು, ತುಂಬ ಹೊತ್ತು ಒರೆಸಿಕೊಂಡಳು.

ಅವನಿಗಾದರೋ ಕೈ ಸುಮ್ಮನಿರಬೇಕಲ್ಲ. ಒಳ್ಳೆಯ ಕಲ್ಲುಗಳನ್ನು ಆರಿಸಿ, ಹಲ್ಲಿನಂತೆ ಫಳಫಳ ಹೊಳೆಯುವಷ್ಟು ಪಾಲಿಶ್ ಮಾಡಿ ತಂದಿಟ್ಟ. ಗರಿ ಜಾರದಂತೆ ಹಿಡಿಯಲು ತರಿ ಬೇಕು, ಹೊಳಪಲ್ಲ. ಬಾಯಿಬಡುಕಿ ಒಂದೊಂದನ್ನೇ ಎತ್ತಿ ಪಂಜರದಾಚೆ ಹಾಕಿತು. ನಿನ್ನ ಗಿರಾಕಿಗಳಲ್ಲೆಲ್ಲ ಇವಳೇ ಖಡಕ್ಕು ಎಂದಳು ಅಕ್ಕ. ಅವನು ಬೈದುಕೊಂಡೇ ಹೂಕುಂಡಕ್ಕೆ ಒಂದು ಬೊಗಸೆ ತರಿಗಲ್ಲು ಸುರಿದ.

ಸುರಿದು ಏಳುವಷ್ಟರಲ್ಲಿ ಗಿಳಿ ಸರಳಿನ ಬಳಿಗೆ ಸರಿದು ತಲೆ ಬಗ್ಗಿಸಿ ಕತ್ತು ಒಡ್ಡಿತು. ಅಲ್ಲಿಗೆ ಯಾವ ಕಲ್ಲೂ ತಲುಪುವುದಿಲ್ಲ. ಹುಟ್ಟುವ ಗರಿಗಳು, ಬಿಡಿಸುವವರಿಲ್ಲದೆ, ಬಿಳಿ ಪೊರೆಯೊಳಗೇ ಮುಳ್ಳಿನಂತೆ ನಿಂತಿದ್ದವು. ಅವನು ಅಕ್ಕನ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ಅವನು ಬೆರಳಿನ ಪುಡಿ ಒರೆಸಿಕೊಂಡು, ಉಗುರಿನ ತುದಿಯಲ್ಲಿ ಒಂದು ಪೊರೆಯನ್ನು ಮೆಲ್ಲಗೆ ಬಿಡಿಸಿದ. ಗಿಳಿ ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದು. ಗಿರಾಕಿ ಬಂದು ಬಾಗಿಲು ತಟ್ಟುತ್ತಿದ್ದ. ತಟ್ಟಲಿ ಬಿಡು ಅಕ್ಕಾ ಎಂದ.